ಎರಡನೆಯ ಔಷಧ ಯಾವ ಕೆಲಸಕ್ಕೆ? ಮದ್ದಿಗೆ ಬಗ್ಗದ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಜೋಡಿ ಚಿಕಿತ್ಸೆ: ಒಂದು ಹೋಲಿಕೆ

ರಕ್ತದ ಕಲ್ಚರ್ ವರದಿ ಬಂದಿದೆ. ಬೆಳೆದಿರುವುದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ. ಕೆಳಗೆ ಹದಿನೈದು ಹದಿನಾರು ಔಷಧಗಳ ಹೆಸರು, ಬಹುತೇಕ ಎಲ್ಲದರ ಎದುರಿಗೂ ‘ಆರ್’, ಅಂದರೆ ಪ್ರತಿರೋಧ. ಕಾರ್ಬಪೆನೆಮ್ ಎಂಬ ಬಲವಾದ ಕುಲದ ಮೆರೊಪೆನೆಮ್ ಕೂಡ ಹೋಗಿದೆ. ಟೈಗೆಸೈಕ್ಲಿನ್ ಎದುರು ಮಾತ್ರ ‘ಎಸ್’, ಅಂದರೆ ಬಗ್ಗುತ್ತದೆ; ಕೊಲಿಸ್ಟಿನ್ ಎದುರು ‘ಐ’, ಅಂದರೆ ನಡುವಿನದು. ರೋಗಿಯ ರಕ್ತದೊತ್ತಡ ಕುಸಿಯುತ್ತಿದೆ. ಇಂತಹ ಹೊತ್ತಿನಲ್ಲಿ ಯಾರಿಗೇ ಆದರೂ ಮೊದಲು ಹೊಳೆಯುವುದು ಒಂದೇ: ಒಂದರಿಂದ ಆಗದಿದ್ದರೆ ಎರಡು ಕೊಡೋಣ, ಎರಡು ಸಾಲದಿದ್ದರೆ ಮೂರು.

ಆ ಯೋಚನೆಯ ಹಿಂದಿರುವ ಕಳವಳ ನನಗೆ ಚೆನ್ನಾಗಿ ಗೊತ್ತು. ಆದರೂ ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಐಸಿಯುನಲ್ಲಿ ನಿಜವಾಗುವಷ್ಟು ಬೇರೆಲ್ಲೂ ಆಗುವುದಿಲ್ಲ. ಜೋಡಿ ಚಿಕಿತ್ಸೆಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವುದು ‘ಯಾವ ಎರಡು ಔಷಧ?’ ಎಂದಲ್ಲ, ‘ಎರಡನೆಯದು ಇಲ್ಲಿ ಯಾವ ಕೆಲಸ ಮಾಡಲು ಬಂದಿದೆ?’ ಎಂದು. ಅದಕ್ಕೆ ಒಂದು ಸಾಲಿನ ಉತ್ತರ ಸಿಗದಿದ್ದರೆ ಆ ಔಷಧ ಅಲ್ಲಿರಬೇಕಾಗಿಲ್ಲ. ಕಿರಿಯ ವೈದ್ಯರು, ಆಸ್ಪತ್ರೆಯ ಔಷಧ ತಜ್ಞರು, ದಾದಿಯರು, ಹಾಗೆಯೇ ಐಸಿಯು ಬಾಗಿಲ ಹೊರಗೆ ಕಾದು ಕುಳಿತು ಚೀಟಿಯಲ್ಲಿರುವ ಹೆಸರುಗಳ ಅರ್ಥ ತಿಳಿಯಬಯಸುವ ಮನೆಯವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಲ್ಲಿ ಹೇಳುವ ಔಷಧಗಳಲ್ಲಿ ಹೆಚ್ಚಿನವು ರಕ್ತನಾಳದ ಮೂಲಕ ಆಸ್ಪತ್ರೆಯಲ್ಲೇ ಕೊಡುವಂಥವು. ಯಾವುದನ್ನು ಎಷ್ಟು ಕೊಡಬೇಕೆಂಬುದು ಹಾಸಿಗೆಯ ಪಕ್ಕ ನಿಂತು ರೋಗಿಯನ್ನು ನೋಡುತ್ತಿರುವವರ ತೀರ್ಮಾನ.

ಈ ಬ್ಯಾಕ್ಟೀರಿಯಾಗಳು ಏಕೆ ಇಷ್ಟು ಗಟ್ಟಿ

1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳದವು ಗ್ರಾಂ-ನೆಗೆಟಿವ್. ಆ ಬಣ್ಣದ ವ್ಯತ್ಯಾಸದ ಹಿಂದೆ ಕಟ್ಟಡದ ವ್ಯತ್ಯಾಸವಿದೆ. ಇವುಗಳ ಕೋಶಭಿತ್ತಿ ತೆಳು, ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ. ಔಷಧ ಒಳಗೆ ಬರಬೇಕಾದರೆ ಆ ಹೊರಪೊರೆಯಲ್ಲಿರುವ ಪೋರಿನ್ ಎಂಬ ಕಿರಿದಾದ ಕಂಡಿಗಳಲ್ಲಿ ನುಸುಳಬೇಕು. ವ್ಯಾಂಕೊಮೈಸಿನ್‌ನಂತಹ ದೊಡ್ಡ ಅಣು ನುಸುಳಲಾಗದೆ ಅಲ್ಲೇ ನಿಲ್ಲುತ್ತದೆ. ನುಸುಳಿ ಬಂದದ್ದನ್ನು ಹೊರಗೆ ಎತ್ತಿ ಎಸೆಯುವ ಪಂಪುಗಳಿವೆ. ಎರಡು ಪೊರೆಗಳ ನಡುವಿನ ಓಣಿಯಲ್ಲಿ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವಗಳು ಹೊಂಚು ಹಾಕಿರುತ್ತವೆ. ಪೆನಿಸಿಲಿನ್ ಕುಲದ ಔಷಧಗಳ ಉಂಗುರವನ್ನು ಅವು ಮುರಿದುಹಾಕುತ್ತವೆ.

ಎಲ್ಲ ಬೀಟಾ-ಲ್ಯಾಕ್ಟಮೇಸ್‌ಗಳೂ ಒಂದೇ ಅಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಆಯ್ಕೆಗಳೆಲ್ಲ ಇದರ ಮೇಲೆಯೇ ನಿಂತಿವೆ. ಕೆಪಿಸಿ ಎಂಬುದು ಒಂದು ಬಗೆ, ಆಕ್ಸಾ-48 ಇನ್ನೊಂದು. ಎನ್‌ಡಿಎಂ, ವಿಐಎಂ, ಐಎಂಪಿ ಮೂರೂ ಸತುವಿನ ಅಯಾನನ್ನು ಹಿಡಿದುಕೊಂಡು ಕೆಲಸ ಮಾಡುವ ಮೆಟಾಲೊ ಬಗೆಯವು. ಮೊದಲಿನವುಗಳನ್ನು ಕಟ್ಟಿಹಾಕುವ ಔಷಧ ಮೆಟಾಲೊ ಬಗೆಯ ಮುಂದೆ ನಿರುಪಯೋಗಿ. ‘ಕಾರ್ಬಪೆನೆಮ್ ಪ್ರತಿರೋಧ’ ಎಂದಷ್ಟೇ ಬರೆದ ವರದಿ ಅರ್ಧ ವರದಿ. ಯಾವ ಕಿಣ್ವ ಎಂದು ಕೇಳಿ ತಿಳಿಯುವುದು ಎರಡನೆಯ ಔಷಧ ಸೇರಿಸುವುದಕ್ಕಿಂತ ಹೆಚ್ಚು ಉಪಕಾರಿ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಆಣ್ವಿಕ ಪರೀಕ್ಷೆ ಇರುವಲ್ಲಿ ಒಂದೆರಡು ಗಂಟೆಯಲ್ಲೇ ಉತ್ತರ ಸಿಗುತ್ತದೆ.

ಜೊತೆಗಾರನಿಗೆ ಸಿಗಬಹುದಾದ ಕೆಲಸಗಳು

ಮೊದಲನೆಯ ಕೆಲಸ ಬಲೆಯನ್ನು ಅಗಲ ಮಾಡುವುದು. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು, ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿ, ಅಷ್ಟು ಹೊತ್ತು ಕಾಯುವುದಿಲ್ಲ. ಆಗ ಎರಡು ಔಷಧ ಕೊಟ್ಟರೆ ಕನಿಷ್ಠ ಒಂದಾದರೂ ತಗಲೀತು ಎಂಬ ಲೆಕ್ಕ. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಆಸ್ಪತ್ರೆಯ ನೂರು ತಳಿಗಳಲ್ಲಿ 70 ಮೊದಲ ಔಷಧಕ್ಕೆ ಬಗ್ಗುತ್ತವೆ, 60 ಎರಡನೆಯದಕ್ಕೆ ಬಗ್ಗುತ್ತವೆ ಎಂದುಕೊಳ್ಳಿ. ಎರಡು ಪ್ರತಿರೋಧಗಳಿಗೂ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಜೋಡಿಯ ವ್ಯಾಪ್ತಿ 88ಕ್ಕೆ ಏರುತ್ತದೆ. ಆದರೆ ಪ್ರತಿರೋಧದ ಜೀನ್‌ಗಳು ಬಹಳ ಸಲ ಒಂದೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳು ಪರಸ್ಪರ ಹಂಚಿಕೊಳ್ಳುವ ಡಿಎನ್‌ಎ ಉಂಗುರ) ಮೇಲೆ ಒಟ್ಟಿಗೆ ಪ್ರಯಾಣ ಮಾಡುತ್ತವೆ. ಮೊದಲ ಔಷಧವನ್ನು ಸೋಲಿಸಿದ ಮೂವತ್ತೂ ತಳಿಗಳು ಎರಡನೆಯದನ್ನೂ ಸೋಲಿಸುವುದಾದರೆ ವ್ಯಾಪ್ತಿ 70ರಲ್ಲೇ ನಿಲ್ಲುತ್ತದೆ. ಸೇರಿಸಿದ ಔಷಧದಿಂದ ಬಂದದ್ದು ಅಡ್ಡಪರಿಣಾಮ ಮಾತ್ರ. ಹಾಗಾಗಿ ಆಸ್ಪತ್ರೆಗಳು ಔಷಧ ಔಷಧಕ್ಕೆ ಬೇರೆ ಬೇರೆ ಶೇಕಡಾವಾರು ಪ್ರಕಟಿಸಿದರೆ ಸಾಲದು, ‘ಇದಕ್ಕೆ ಬಗ್ಗದವುಗಳಲ್ಲಿ ಎಷ್ಟು ಅದಕ್ಕೆ ಬಗ್ಗುತ್ತವೆ’ ಎಂಬ ಜೋಡಿ ಲೆಕ್ಕವನ್ನೂ ಇಡಬೇಕು.

ಎರಡನೆಯದು ಕಾವಲಿನ ಕೆಲಸ. ಇಲ್ಲಿ ಜೊತೆಗಾರ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕಾಗಿಲ್ಲ. ಮುಖ್ಯ ಔಷಧವನ್ನು ಮುರಿಯುವ ಕಿಣ್ವವನ್ನು ಅಡಗಿಸಿದರೆ ಸಾಕು. ಅವಿಬ್ಯಾಕ್ಟಮ್, ವಾಬೊರ್ಬ್ಯಾಕ್ಟಮ್, ರೆಲೆಬ್ಯಾಕ್ಟಮ್ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಈ ಕ್ಷೇತ್ರದಲ್ಲಿ ‘ಜೋಡಿ’ ಎಂಬ ಮಾತಿಗೆ ಅತಿ ಹೆಚ್ಚು ನ್ಯಾಯ ಒದಗಿಸಿರುವುದು ಈ ಬಗೆಯೇ.

ಮೂರನೆಯದು ಹೆಚ್ಚು ಮಾತಿಗೆ ಸಿಗುವ ಸಿನರ್ಜಿ, ಅಂದರೆ ಎರಡರ ಕೂಡಿದ ಬಲ ಅವುಗಳ ಮೊತ್ತವನ್ನು ಮೀರುವುದು. ಪ್ರಯೋಗಾಲಯದಲ್ಲಿ ಇದನ್ನು ಚದುರಂಗದ ಮಣೆಯಂತೆ ಗುಳಿಗಳಿರುವ ತಟ್ಟೆಯಲ್ಲಿ ಅಳೆಯುತ್ತಾರೆ. ಒಂದು ಔಷಧ ಒಂಟಿಯಾಗಿ ಬೆಳವಣಿಗೆ ತಡೆಯಲು ಲೀಟರಿಗೆ 8 ಮಿಲಿಗ್ರಾಂ ಬೇಕಾಗಿದ್ದು, ಜೋಡಿಯಲ್ಲಿ 2 ಸಾಕಾದರೆ ಅದರ ಪಾಲು ಕಾಲು. ಇನ್ನೊಂದು 16ರಿಂದ 4ಕ್ಕೆ ಇಳಿದರೆ ಅದೂ ಕಾಲು. ಎರಡೂ ಕೂಡಿ 0.5. ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿನರ್ಜಿ ಎನ್ನುತ್ತಾರೆ, 4 ಮೀರಿದರೆ ಔಷಧಗಳು ಪರಸ್ಪರ ಕಾಲೆಳೆಯುತ್ತಿವೆ ಎಂದರ್ಥ. ಇನ್ನೊಂದು ವಿಧಾನದಲ್ಲಿ 24 ಗಂಟೆಯ ನಂತರ ಉಳಿದ ಬ್ಯಾಕ್ಟೀರಿಯಾಗಳನ್ನು ಎಣಿಸುತ್ತಾರೆ. ಹೆಚ್ಚು ಬಲವಾದ ಒಂಟಿ ಔಷಧಕ್ಕಿಂತ ನೂರು ಪಟ್ಟು ಹೆಚ್ಚು ಸತ್ತಿದ್ದರೆ ಅದು ಸಿನರ್ಜಿ. ಕೊಲಿಸ್ಟಿನ್ ಇಲ್ಲಿ ಎಲ್ಲರ ನಿರೀಕ್ಷೆ ಹೆಚ್ಚಿಸಿದ ಔಷಧ. ಹೊರಪೊರೆಯನ್ನು ಬಿಗಿಯಾಗಿ ಹಿಡಿದಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಅದು ಕಿತ್ತುಹಾಕುತ್ತದೆ, ಪೊರೆ ಸಡಿಲಗೊಳ್ಳುತ್ತದೆ, ಆ ಬಿರುಕಿನಲ್ಲಿ ಇನ್ನೊಂದು ಔಷಧ ನುಗ್ಗಬೇಕು. ಗಾಜಿನ ನಳಿಕೆಯಲ್ಲಿ ಇದು ಬಹಳ ಸೊಗಸಾಗಿ ನಡೆಯುತ್ತದೆ. ಮನುಷ್ಯರಲ್ಲಿ ಏನಾಯಿತೆಂದು ಅಸಿನೆಟೊಬ್ಯಾಕ್ಟರ್ ಭಾಗದಲ್ಲಿ ಹೇಳುತ್ತೇನೆ.

ನಾಲ್ಕನೆಯದು ಹೊಸ ಪ್ರತಿರೋಧ ಹುಟ್ಟದಂತೆ ತಡೆಯುವುದು. ಈ ಆಸೆ ಕ್ಷಯರೋಗದ ಚಿಕಿತ್ಸೆಯಿಂದ ಬಂದದ್ದು. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ಪ್ರತಿರೋಧ ಬೇಗ ಹುಟ್ಟಿತು, ಜೊತೆಗೆ ಇನ್ನೊಂದು ಔಷಧ ಕೊಟ್ಟಾಗ ಅದು ಬಹಳ ಕಡಿಮೆಯಾಯಿತು. ಒಂದು ಔಷಧಕ್ಕೆ ಪ್ರತಿರೋಧ ಕೊಡುವ ರೂಪಾಂತರ ಕೋಟಿಗೊಂದು ಕೋಶದಲ್ಲಿ ಆಗುವುದಾದರೆ, ಎರಡಕ್ಕೂ ಒಂದೇ ಕೋಶದಲ್ಲಿ ಆಗುವ ಸಂಭವ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ವಿರಳ. ಲೆಕ್ಕ ಸರಿಯಾಗಿದೆ, ಆದರೆ ಅದು ನಿಂತಿರುವುದು ಎರಡು ಊಹೆಗಳ ಮೇಲೆ: ಆ ತಳಿ ಎರಡೂ ಔಷಧಗಳಿಗೆ ಮೊದಲು ಬಗ್ಗುತ್ತಿರಬೇಕು, ಪ್ರತಿರೋಧ ರೂಪಾಂತರದಿಂದಲೇ ಬರಬೇಕು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಹಾಗಿದೆ. ಕರುಳಿನಲ್ಲಿ ನೆರೆಹೊರೆಯವರಿಂದ ಇಡೀ ಪ್ಲಾಸ್ಮಿಡ್ಡನ್ನೇ ಪಡೆದುಕೊಳ್ಳುವ ಕ್ಲೆಬ್ಸಿಯೆಲ್ಲಾಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಜೋಡಿ ಕೊಟ್ಟರೆ ಪ್ರತಿರೋಧ ತಡೆಯಬಹುದು ಎಂಬ ವಾದ ಗ್ರಾಂ-ನೆಗೆಟಿವ್‌ಗಳ ಮಟ್ಟಿಗೆ ನನಗೆ ಒಪ್ಪಿಗೆಯಾಗಿಲ್ಲ.

ಇನ್ನು, ಜೋಡಿಯೆಂದರೆ ಕನಿಷ್ಠ ಹಾನಿಯಂತೂ ಇಲ್ಲ ಎಂದುಕೊಳ್ಳುವವರಿಗಾಗಿ ಒಂದು ಹಳೆಯ ಘಟನೆ. 1951ರಲ್ಲಿ ನ್ಯುಮೊಕಾಕಸ್ ಮೆದುಳುಪೊರೆಯ ಉರಿಯೂತದ ರೋಗಿಗಳ ಬಗ್ಗೆ ಲೆಪರ್ ಮತ್ತು ಡೌಲಿಂಗ್ ಪ್ರಕಟಿಸಿದ ವರದಿಯಲ್ಲಿ ಪೆನಿಸಿಲಿನ್ ಮಾತ್ರ ಪಡೆದವರಲ್ಲಿ ಸತ್ತವರು ಶೇ. 21, ಪೆನಿಸಿಲಿನ್ ಜೊತೆ ಕ್ಲೋರ್‌ಟೆಟ್ರಾಸೈಕ್ಲಿನ್ ಪಡೆದವರಲ್ಲಿ ಶೇ. 79. ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಕೋಶವನ್ನು, ಟೆಟ್ರಾಸೈಕ್ಲಿನ್ ಬೆಳವಣಿಗೆಯನ್ನೇ ನಿಲ್ಲಿಸಿಬಿಟ್ಟಿತು. ಅದು ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾ, ಸಣ್ಣ ಅಧ್ಯಯನ. ಆದರೂ ಔಷಧಗಳು ಒಂದರ ಕೈಯನ್ನು ಇನ್ನೊಂದು ಕಟ್ಟಬಲ್ಲವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಇಎಸ್‌ಬಿಎಲ್ ಇದ್ದಾಗ: ಒಂಟಿ ಮೆರೊಪೆನೆಮ್ ಸಾಕು

ಇಎಸ್‌ಬಿಎಲ್ ಎಂದರೆ ಸೆಫ್ಟ್ರಿಯಾಕ್ಸೋನ್‌ನಂತಹ ಔಷಧಗಳನ್ನೂ ಮುರಿಯುವ ಬೀಟಾ-ಲ್ಯಾಕ್ಟಮೇಸ್. ಹೀಗೆ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಆದರೆ ಕಾರ್ಬಪೆನೆಮ್‌ಗೆ ಬಗ್ಗುವ ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಒಂದು ಕಾವಲು ಜೋಡಿಯೇ, ಪ್ರಯೋಗಾಲಯದ ತಟ್ಟೆಯಲ್ಲಿ ಅದಕ್ಕೆ ‘ಎಸ್’ ಕೂಡ ಬರುತ್ತದೆ. ಆದರೆ 2018ರ ಮೆರಿನೊ ಪ್ರಯೋಗದಲ್ಲಿ ರಕ್ತಸೋಂಕಿನ ರೋಗಿಗಳಿಗೆ ಅದನ್ನು ಕೊಟ್ಟಾಗ 30 ದಿನಗಳಲ್ಲಿ ಸತ್ತವರು ಶೇ. 12.3, ಮೆರೊಪೆನೆಮ್ ಮಾತ್ರ ಕೊಟ್ಟಾಗ ಶೇ. 3.7. ಗಂಭೀರ ಸೋಂಕಿಗೆ ಮೆರೊಪೆನೆಮ್. ಅದರ ಜೊತೆ ಅಮಿಕಾಸಿನ್ ಸೇರಿಸಿ ಮೂತ್ರಪಿಂಡಕ್ಕೆ ಹೊರೆ ಹೊರಿಸುವ ಅಗತ್ಯವಿಲ್ಲ.

ಕೆಪಿಸಿ ಮತ್ತು ಆಕ್ಸಾ-48

ಇಲ್ಲಿ ಹಳೆಯ ಕಾಲ, ಹೊಸ ಕಾಲ ಎಂದು ಎರಡಾಗಿ ನೋಡಬೇಕು. ಹಳೆಯ ಕಾಲದಲ್ಲಿ ಕೈಯಲ್ಲಿದ್ದದ್ದು ಕೊಲಿಸ್ಟಿನ್, ಟೈಗೆಸೈಕ್ಲಿನ್, ಅಮಿಕಾಸಿನ್ ಅಥವಾ ಜೆಂಟಾಮೈಸಿನ್, ಫಾಸ್ಫೋಮೈಸಿನ್. ಒಂದೊಂದರಲ್ಲೂ ಒಂದೊಂದು ಕೊರತೆ ಇದ್ದುದರಿಂದ ಎರಡನ್ನು ಕೂಡಿಸುವುದು ಅನಿವಾರ್ಯವಾಗಿತ್ತು. ಆ ಕಾಲದ ಅನುಭವವನ್ನು ಒಟ್ಟುಮಾಡಿದ ಇನ್‌ಕ್ರಿಮೆಂಟ್ ಅಧ್ಯಯನ 2017ರಲ್ಲಿ ಬಂತು. ಕಾರ್ಬಪೆನೆಮೇಸ್, ಅಂದರೆ ಕಾರ್ಬಪೆನೆಮ್ ಮುರಿಯುವ ಕಿಣ್ವ, ಇರುವ ಬ್ಯಾಕ್ಟೀರಿಯಾಗಳಿಂದ ರಕ್ತಸೋಂಕು ಆದ 437 ರೋಗಿಗಳನ್ನು ಅದು ನೋಡಿತು. ಒಟ್ಟಾರೆ ಜೋಡಿಗೂ ಒಂಟಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಸಾವಿನ ಅಪಾಯದ ಅಂಕ ಹೆಚ್ಚಿದ್ದ ರೋಗಿಗಳಲ್ಲಿ ಜೋಡಿ ಪಡೆದವರಲ್ಲಿ ಸತ್ತವರು ಶೇ. 48, ಒಂದೇ ಔಷಧ ಪಡೆದವರಲ್ಲಿ ಶೇ. 62. ಇದು ಹಿಂದಿನ ದಾಖಲೆಗಳನ್ನು ನೋಡಿ ಮಾಡಿದ ಅಧ್ಯಯನ, ಚೀಟಿ ಎತ್ತಿ ರೋಗಿಗಳನ್ನು ಹಂಚಿದ್ದಲ್ಲ. ಅಷ್ಟು ಎಚ್ಚರದೊಂದಿಗೆ ಇದರಿಂದ ನಾನು ತೆಗೆದುಕೊಳ್ಳುವ ಸಾರ ಇಷ್ಟು: ಹಳೆಯ ಔಷಧಗಳೇ ಗತಿ ಎಂದಾದಾಗ, ರೋಗಿ ತೀರಾ ಗಂಭೀರವಾಗಿದ್ದಾಗ, ತಟ್ಟೆಯಲ್ಲಿ ಎರಡೂ ಕೆಲಸ ಮಾಡುವುದೆಂದು ಖಚಿತವಾದಾಗ ಜೋಡಿ ಕೊಡಬೇಕು. ಸ್ಥಿರವಾಗಿರುವ ರೋಗಿಯ ಮೂತ್ರನಾಳದ ಸೋಂಕಿಗೆ ಅಮಿಕಾಸಿನ್, ಜೆಂಟಾಮೈಸಿನ್‌ಗಳ ಕುಲವಾದ ಅಮಿನೊಗ್ಲೈಕೊಸೈಡ್ ಒಂದೇ ಸಾಕು.

ಹೊಸ ಕಾಲ ಶುರುವಾದದ್ದು 2015ರ ಫೆಬ್ರವರಿಯಲ್ಲಿ ಅಮೆರಿಕ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್‌ಗೆ ಅನುಮತಿ ಕೊಟ್ಟಾಗ. ಇದು ಕೆಪಿಸಿ, ಆಕ್ಸಾ-48 ಎರಡನ್ನೂ ಕಟ್ಟಿಹಾಕುತ್ತದೆ. 2017ರಲ್ಲಿ ಬಂದ ಮೆರೊಪೆನೆಮ್-ವಾಬೊರ್ಬ್ಯಾಕ್ಟಮ್ ಕೆಪಿಸಿಗೆ ಬಹಳ ಒಳ್ಳೆಯದು, ಆಕ್ಸಾ-48 ಮುಂದೆ ನಿಲ್ಲುವುದಿಲ್ಲ. ಇವೆರಡರಲ್ಲಿ ಒಂದು ಸಿಕ್ಕಿದರೆ, ತಳಿ ಅದಕ್ಕೆ ಬಗ್ಗಿದರೆ, ಅದಕ್ಕೆ ಮತ್ತೆ ಕೊಲಿಸ್ಟಿನ್ ಸೇರಿಸಬೇಡಿ. ಅಮೆರಿಕದ ಮತ್ತು ಯುರೋಪಿನ ಸೋಂಕುರೋಗ ತಜ್ಞರ ಸಂಘಗಳ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ಎರ್ಟಾಪೆನೆಮ್ ಮತ್ತು ಮೆರೊಪೆನೆಮ್ ಎರಡನ್ನೂ ಕೊಡುವ ಇನ್ನೊಂದು ತಂತ್ರವಿದೆ. ಕಿಣ್ವಕ್ಕೆ ಎರ್ಟಾಪೆನೆಮ್ ಮೇಲೆ ಹೆಚ್ಚು ಒಲವು. ಅದನ್ನು ಮುರಿಯುವುದರಲ್ಲಿ ಕಿಣ್ವ ತೊಡಗಿರುವಾಗ ಮೆರೊಪೆನೆಮ್ ಉಳಿದುಕೊಳ್ಳಲಿ ಎಂಬ ಯೋಚನೆ. ಯೋಚನೆ ಜಾಣತನದ್ದು, ಆದರೆ ಬೇರೇನೂ ಸಿಗದಿರುವಾಗಿನ ಮಾತು.

ಎನ್‌ಡಿಎಂ: ಜೋಡಿಯೇ ಬೇಕಾದ ಜಾಗ

ಎನ್‌ಡಿಎಂ ಇದ್ದಾಗ ಮೇಲಿನ ಹೊಸ ಔಷಧಗಳು ಒಂಟಿಯಾಗಿ ಸೋಲುತ್ತವೆ. ಅವಿಬ್ಯಾಕ್ಟಮ್‌ಗೆ ಸತುವಿನ ಕಿಣ್ವದ ಮೇಲೆ ಹಿಡಿತವಿಲ್ಲ. ಆದರೆ 1980ರ ದಶಕದಿಂದಲೇ ಬಳಕೆಯಲ್ಲಿರುವ ಅಜ್ಟ್ರಿಯೋನಾಮ್ ಎಂಬ ಔಷಧಕ್ಕೆ ಒಂದು ವಿಶೇಷ ಗುಣವಿದೆ: ಮೆಟಾಲೊ ಕಿಣ್ವಗಳು ಅದನ್ನು ಮುರಿಯಲಾರವು. ಹಾಗಾದರೆ ಅದೊಂದನ್ನೇ ಕೊಡಬಹುದಲ್ಲ? ಆಗುವುದಿಲ್ಲ. ಎನ್‌ಡಿಎಂ ಹೊತ್ತ ತಳಿ ಸಾಮಾನ್ಯವಾಗಿ ಜೊತೆಯಲ್ಲೇ ಇಎಸ್‌ಬಿಎಲ್ ಅಥವಾ ಎಎಂಪಿ-ಸಿ ಕಿಣ್ವವನ್ನೂ ಇಟ್ಟುಕೊಂಡಿರುತ್ತದೆ, ಅವು ಅಜ್ಟ್ರಿಯೋನಾಮನ್ನು ಮುರಿಯುತ್ತವೆ. ಆ ಕಿಣ್ವಗಳನ್ನು ಅಡಗಿಸುವುದು ಅವಿಬ್ಯಾಕ್ಟಮ್‌ಗೆ ಚೆನ್ನಾಗಿ ಬರುತ್ತದೆ. ಅಂದರೆ ಅವಿಬ್ಯಾಕ್ಟಮ್ ಕಾವಲು ನಿಲ್ಲುತ್ತದೆ, ಅಜ್ಟ್ರಿಯೋನಾಮ್ ಕೊಲ್ಲುತ್ತದೆ. ಅವಿಬ್ಯಾಕ್ಟಮ್ ಬಿಡಿಯಾಗಿ ಸಿಗದ ಕಾರಣ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಕೊಡಬೇಕಾಗುತ್ತದೆ. ಸೆಫ್ಟಾಜಿಡಿಮ್ ಇಲ್ಲಿ ಕಾವಲುಗಾರನನ್ನು ಹೊತ್ತು ತರುವ ಬಂಡಿ ಎಂದುಕೊಳ್ಳಿ. ಈ ಪರಸ್ಪರ ಅವಲಂಬನೆಯನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಒಂಟಿಯಾಗಿ ವಿಫಲವಾಗುವ ಎರಡು ಔಷಧಗಳು ಸೇರಿ ಗೆಲ್ಲುವುದು ಇಲ್ಲಿ ಬರೀ ಆಸೆಯಲ್ಲ, ಕಾರಣ ತೋರಿಸಿ ವಿವರಿಸಬಹುದಾದ ಸಂಗತಿ.

ಫಲಿತಾಂಶವೂ ಆ ವಿವರಣೆಗೆ ಹೊಂದುತ್ತದೆ. ಮೆಟಾಲೊ ಕಿಣ್ವದ ರಕ್ತಸೋಂಕಿದ್ದ 102 ರೋಗಿಗಳನ್ನು ಇಟಲಿ ಮತ್ತು ಗ್ರೀಸ್ ಆಸ್ಪತ್ರೆಗಳಲ್ಲಿ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಜೋಡಿ ಪಡೆದವರಲ್ಲಿ 30 ದಿನಗಳೊಳಗೆ ಸತ್ತವರು ಶೇ. 19.2, ಬೇರೆ ಸಕ್ರಿಯ ಔಷಧಗಳನ್ನು ಪಡೆದವರಲ್ಲಿ ಶೇ. 44.

ಕೊಡುವ ಕ್ರಮದಲ್ಲಿ ಎಲ್ಲರೂ ಗಮನಿಸದ ಒಂದು ವಿಷಯವಿದೆ. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದು ಕೊಟ್ಟರೆ ಜೋಡಿಯ ಅರ್ಥವೇ ಹೋಗುತ್ತದೆ, ಏಕೆಂದರೆ ಕಾವಲುಗಾರ ಇಲ್ಲದ ಹೊತ್ತಿನಲ್ಲಿ ಅಜ್ಟ್ರಿಯೋನಾಮ್ ಬಂದು ಮುರಿದುಹೋಗುತ್ತದೆ. ಎರಡೂ ಒಂದೇ ಹೊತ್ತಿಗೆ ರಕ್ತದಲ್ಲಿರಬೇಕು, ಸಾಧ್ಯವಾದಲ್ಲಿ ಒಟ್ಟಿಗೇ ನಿಧಾನವಾಗಿ ಹರಿಸಬೇಕು. ದಾದಿಯರ ಪಾಳಿ ಬದಲಾಗುವಾಗ ಇದನ್ನು ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಯಕೃತ್ತಿನ ಕಿಣ್ವಗಳು ಏರಬಹುದಾದ್ದರಿಂದ ಆ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಜೋಡಿ ಈ ತಳಿಯ ಮೇಲೆ ಕೆಲಸ ಮಾಡುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುವುದೂ ಒಳ್ಳೆಯದು. ಕೆಲವು ಇ. ಕೋಲೈ ತಳಿಗಳಲ್ಲಿ ಅಜ್ಟ್ರಿಯೋನಾಮ್ ಅಂಟಿಕೊಳ್ಳಬೇಕಾದ ಪಿಬಿಪಿ-3 ಎಂಬ ಗುರಿಯಲ್ಲಿ ನಾಲ್ಕು ಅಮಿನೊ ಆಮ್ಲಗಳು ಹೆಚ್ಚಾಗಿ ಸೇರಿಕೊಂಡಿರುತ್ತವೆ, ಅಲ್ಲಿ ಈ ಜೋಡಿಯ ಬಲ ಕುಗ್ಗುತ್ತದೆ.

ಇವೆರಡನ್ನು ಒಂದೇ ಸೀಸೆಯಲ್ಲಿ ಸೇರಿಸಿದ ಅಜ್ಟ್ರಿಯೋನಾಮ್-ಅವಿಬ್ಯಾಕ್ಟಮ್ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಅನುಮತಿ ಪಡೆಯಿತು. ಅದು ಕೈಗೆಟಕುವಲ್ಲಿ ಎರಡು ಡ್ರಿಪ್‌ಗಳ ಸಮಯ ಹೊಂದಿಸುವ ಕಷ್ಟವಿಲ್ಲ, ಅನವಶ್ಯಕ ಸೆಫ್ಟಾಜಿಡಿಮ್ ಕೂಡ ಇಲ್ಲ. ಇನ್ನೊಂದು ಆಯ್ಕೆ ಸೆಫಿಡೆರೊಕಾಲ್. ಬ್ಯಾಕ್ಟೀರಿಯಾ ಕಬ್ಬಿಣ ಸೆಳೆದುಕೊಳ್ಳುವ ದಾರಿಯಲ್ಲೇ ಅದು ಒಳನುಗ್ಗುತ್ತದೆ, ಜೊತೆಗಾರ ಬೇಕಿಲ್ಲ. ಎನ್‌ಡಿಎಂ ತಳಿಗಳಲ್ಲಿ ಕೆಲವು ಇದಕ್ಕೂ ಬಗ್ಗುವುದಿಲ್ಲವಾದ್ದರಿಂದ ಪರೀಕ್ಷೆ ಮಾಡದೆ ನಂಬುವುದು ಬೇಡ. ಎರಡೂ ಸಿಗುವುದಾದರೆ ನನ್ನ ಒಲವು ಅಜ್ಟ್ರಿಯೋನಾಮ್ ಜೋಡಿಯ ಕಡೆಗೆ.

ಅಸಿನೆಟೊಬ್ಯಾಕ್ಟರ್: ಹೆಚ್ಚು ನಿರೀಕ್ಷೆ, ಹೆಚ್ಚು ನಿರಾಸೆ

ವೆಂಟಿಲೇಟರ್ ಮೇಲಿರುವ ರೋಗಿಯ ಶ್ವಾಸಕೋಶಕ್ಕೆ ಅಂಟುವ ಈ ಬ್ಯಾಕ್ಟೀರಿಯಾದ ಮೇಲೆ ಜೋಡಿ ಚಿಕಿತ್ಸೆಯನ್ನು ಎಲ್ಲಕ್ಕಿಂತ ಹೆಚ್ಚು ಪ್ರಯೋಗಿಸಿ ನೋಡಿದ್ದಾರೆ.

ಕೊಲಿಸ್ಟಿನ್ ಜೊತೆ ಮೆರೊಪೆನೆಮ್: ಇಸ್ರೇಲ್, ಗ್ರೀಸ್, ಇಟಲಿಗಳಲ್ಲಿ 406 ರೋಗಿಗಳ ಮೇಲೆ ನಡೆದ ಎಐಡಿಎ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಮುಕ್ಕಾಲು ಪಾಲಿನವರಿಗೆ ಅಸಿನೆಟೊಬ್ಯಾಕ್ಟರ್ ಸೋಂಕಿತ್ತು. ಹದಿನಾಲ್ಕನೆಯ ದಿನಕ್ಕೆ ಚಿಕಿತ್ಸೆ ವಿಫಲವಾದದ್ದು ಕೊಲಿಸ್ಟಿನ್ ಮಾತ್ರ ಪಡೆದವರಲ್ಲಿ ಶೇ. 79, ಜೋಡಿ ಪಡೆದವರಲ್ಲಿ ಶೇ. 73, ಸಂಖ್ಯಾಶಾಸ್ತ್ರದ ಕಣ್ಣಿಗೆ ವ್ಯತ್ಯಾಸವಲ್ಲ. ಜೋಡಿ ಪಡೆದವರಲ್ಲಿ ಭೇದಿ ಹೆಚ್ಚಾಯಿತು. ಇದೇ ಪ್ರಶ್ನೆಯನ್ನು ಮತ್ತೆ ಕೇಳಿದ ಓವರ್‌ಕಮ್ ಪ್ರಯೋಗದಲ್ಲಿ ಸಾವು ಕೊಲಿಸ್ಟಿನ್ ಮಾತ್ರ ಪಡೆದವರಲ್ಲಿ ಶೇ. 43, ಜೋಡಿ ಪಡೆದವರಲ್ಲಿ ಶೇ. 37. ಅಲ್ಲೂ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಕೊಲಿಸ್ಟಿನ್ ಜೊತೆ ರಿಫಾಂಪಿಸಿನ್: 2013ರಲ್ಲಿ ಪ್ರಕಟವಾದ ಇಟಲಿಯ 210 ರೋಗಿಗಳ ಪ್ರಯೋಗದಲ್ಲಿ ಜೋಡಿ ಪಡೆದವರ ಕಲ್ಚರ್‌ಗಳಿಂದ ಬ್ಯಾಕ್ಟೀರಿಯಾ ಹೆಚ್ಚು ಸಲ ಮಾಯವಾಯಿತು, ಆದರೆ 30 ದಿನಗಳ ಸಾವು ಎರಡೂ ಗುಂಪುಗಳಲ್ಲಿ ಶೇ. 43ರಷ್ಟೇ.

ಗಾಜಿನಲ್ಲಿ ಕಂಡ ಸಿನರ್ಜಿ ಹಾಸಿಗೆಯಲ್ಲಿ ಏಕೆ ಕಾಣಲಿಲ್ಲ? ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ಇದು: ಆ ತಳಿಗಳಲ್ಲಿ ಬಹುಪಾಲು ಮೆರೊಪೆನೆಮ್‌ಗೆ ವಿಪರೀತ ಪ್ರತಿರೋಧ ಹೊಂದಿದ್ದವು. ಬಿರುಕು ಬಿಟ್ಟ ಗೋಡೆಯಲ್ಲಿ ನುಗ್ಗಿ ಬಂದ ಔಷಧವನ್ನೂ ಕಿಣ್ವ ಮುರಿದೇ ಮುರಿಯಿತು. ಇದರ ಜೊತೆಗೆ ಕೊಲಿಸ್ಟಿನ್ ರಕ್ತನಾಳದಿಂದ ಶ್ವಾಸಕೋಶದೊಳಕ್ಕೆ ಸರಿಯಾಗಿ ತಲುಪುವುದಿಲ್ಲ. ಬಲವಿಲ್ಲದ ಎರಡು ತೋಳು ಸೇರಿದ ಮಾತ್ರಕ್ಕೆ ಬಂಡೆ ಅಲುಗಲಿಲ್ಲ. ಮೆರೊಪೆನೆಮ್ ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ, ಲೀಟರಿಗೆ 8 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಡೋಸನ್ನು ಗಂಟೆಗಟ್ಟಲೆ ನಿಧಾನವಾಗಿ ಹರಿಸಿ ಜೋಡಿಯಲ್ಲಿ ಬಳಸಬಹುದು ಎಂದು ಯುರೋಪಿನ ಮಾರ್ಗಸೂಚಿ ಒಪ್ಪುತ್ತದೆ. ವರದಿಯಲ್ಲಿ ‘ಆರ್’ ಎಂಬ ಅಕ್ಷರದ ಪಕ್ಕದ ಸಂಖ್ಯೆಯನ್ನು ಓದಬೇಕಾದದ್ದು ಇದಕ್ಕೇ.

ಈ ಬ್ಯಾಕ್ಟೀರಿಯಾದ ವಿರುದ್ಧ ನಿಜವಾಗಿ ದಾರಿ ತೆರೆದದ್ದು ಸಲ್ಬ್ಯಾಕ್ಟಮ್. ಬೇರೆಡೆ ಅದು ಬರೀ ಕಾವಲುಗಾರ, ಅಸಿನೆಟೊಬ್ಯಾಕ್ಟರ್ ಎದುರು ಮಾತ್ರ ತಾನೇ ಕೊಲ್ಲಬಲ್ಲದು. ಆದರೆ ಆಕ್ಸಾ ಬಗೆಯ ಕಿಣ್ವಗಳು ಅದನ್ನೂ ಮುರಿಯುತ್ತವೆ, ಹಾಗಾಗಿ ಕಾವಲುಗಾರನಿಗೇ ಕಾವಲು ಬೇಕಾಯಿತು. ಡರ್ಲೋಬ್ಯಾಕ್ಟಮ್ ಹುಟ್ಟಿದ್ದು ಹಾಗೆ. 2023ರಲ್ಲಿ ಪ್ರಕಟವಾದ ಅಟ್ಯಾಕ್ ಪ್ರಯೋಗದಲ್ಲಿ ಸಲ್ಬ್ಯಾಕ್ಟಮ್-ಡರ್ಲೋಬ್ಯಾಕ್ಟಮ್ ಪಡೆದವರಲ್ಲಿ 28 ದಿನಗಳ ಸಾವು ಶೇ. 19, ಕೊಲಿಸ್ಟಿನ್ ಪಡೆದವರಲ್ಲಿ ಶೇ. 32. ಮೂತ್ರಪಿಂಡಕ್ಕೆ ಹಾನಿ ಶೇ. 13 ಮತ್ತು ಶೇ. 38. ಎರಡೂ ಗುಂಪುಗಳಿಗೆ ಇಮಿಪೆನೆಮ್ ಕೂಡ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಈ ಹೊಸ ಔಷಧ ಸಿಗದಲ್ಲಿ ಆಂಪಿಸಿಲಿನ್-ಸಲ್ಬ್ಯಾಕ್ಟಮನ್ನು ಹೆಚ್ಚಿನ ಪ್ರಮಾಣದಲ್ಲಿ, ಸಲ್ಬ್ಯಾಕ್ಟಮ್ ಅಂಶ ದಿನಕ್ಕೆ 9 ಗ್ರಾಂ ಆಗುವಂತೆ ಕೊಟ್ಟು, ಜೊತೆಗೆ ಮಿನೊಸೈಕ್ಲಿನ್ ಅಥವಾ ಪಾಲಿಮಿಕ್ಸಿನ್ ಬಿಯಂತಹ ಇನ್ನೊಂದನ್ನು ಸೇರಿಸುವುದು ರೂಢಿ. ಒಂಟಿಯಾಗಿ ಗಟ್ಟಿ ನಿಲ್ಲುವ ಔಷಧವಿಲ್ಲದ ಇಂತಹ ಕಡೆ ಜೋಡಿ ಕೊಡುವುದನ್ನು ನಾನು ಒಪ್ಪುತ್ತೇನೆ, ಆದರೆ ಆ ಜೋಡಿಯ ನಡುವೆ ಸಲ್ಬ್ಯಾಕ್ಟಮ್ ಇರಲೇಬೇಕು.

ಸ್ಯೂಡೊಮೊನಾಸ್ ಮತ್ತು ಸ್ಟೆನೊಟ್ರೊಫೊಮೊನಾಸ್

ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗೆ ಎರಡು ಔಷಧ ಕೊಡಲೇಬೇಕೆಂಬ ಹಳೆಯ ಪಾಠ ಇನ್ನೂ ಹಲವರ ಮನಸ್ಸಿನಲ್ಲಿದೆ. ವರದಿ ಬರುವ ತನಕ, ರೋಗಿ ರಕ್ತದೊತ್ತಡ ಕುಸಿದ ಆಘಾತದ ಸ್ಥಿತಿಯಲ್ಲಿದ್ದರೆ, ಬಲೆ ಅಗಲ ಮಾಡಲು ಬೀಟಾ-ಲ್ಯಾಕ್ಟಮ್ (ಪೆನಿಸಿಲಿನ್, ಮೆರೊಪೆನೆಮ್‌ಗಳ ಕುಲ) ಜೊತೆ ಅಮಿಕಾಸಿನ್ ಸರಿ. ಬಗ್ಗುವ ಬೀಟಾ-ಲ್ಯಾಕ್ಟಮ್ ಯಾವುದೆಂದು ಗೊತ್ತಾದ ಮೇಲೆ ಅದೊಂದೇ ಸಾಕು. ಹಳೆಯವು ಕೆಲಸ ಮಾಡದಿದ್ದರೆ ಸೆಫ್ಟೊಲೊಜೇನ್-ಟ್ಯಾಜೊಬ್ಯಾಕ್ಟಮ್ ಇದೆ. ಸ್ಟೆನೊಟ್ರೊಫೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೇರೆಯ ಕಥೆ. ಅಮೆರಿಕದ ಮಾರ್ಗಸೂಚಿ ಅಲ್ಲಿ ಆರಂಭಕ್ಕೆ ಎರಡು ಔಷಧಗಳನ್ನೇ ಸೂಚಿಸುತ್ತದೆ, ಕೋ-ಟ್ರೈಮೊಕ್ಸಜೋಲ್, ಮಿನೊಸೈಕ್ಲಿನ್, ಲೆವೊಫ್ಲೊಕ್ಸಾಸಿನ್, ಸೆಫಿಡೆರೊಕಾಲ್‌ಗಳ ನಡುವಿನಿಂದ.

ಸೋಂಕಿನ ಜಾಗ ನೋಡದೆ ಜೋಡಿ ಕಟ್ಟಬೇಡಿ

ವರದಿಯ ‘ಎಸ್’ ಎಂಬುದು ತಟ್ಟೆಯ ಮಾತು. ಔಷಧ ಸೋಂಕಿರುವ ಜಾಗ ಮುಟ್ಟದಿದ್ದರೆ ಆ ‘ಎಸ್’ ಲೆಕ್ಕಕ್ಕಿಲ್ಲ. ಟೈಗೆಸೈಕ್ಲಿನ್ ಅಂಗಾಂಶಗಳಿಗೆ ಹರಡಿಬಿಡುತ್ತದೆ, ರಕ್ತದಲ್ಲಿ ಉಳಿಯುವುದು ಅತ್ಯಲ್ಪ. ಹೊಟ್ಟೆಯೊಳಗಿನ ಸೋಂಕಿಗೆ ಜೊತೆಗಾರನಾಗಿ ಅದು ಸರಿ, ರಕ್ತಸೋಂಕಿಗೆ ಅದನ್ನೇ ನೆಚ್ಚುವುದು ತಪ್ಪು. ಅಮಿನೊಗ್ಲೈಕೊಸೈಡ್‌ಗಳು ಮೂತ್ರದಲ್ಲಿ ಧಾರಾಳ, ಶ್ವಾಸಕೋಶದಲ್ಲಿ ದುರ್ಬಲ. ಪಾಲಿಮಿಕ್ಸಿನ್ ಬಿ ಮತ್ತು ಕೊಲಿಸ್ಟಿನ್ ಅವಳಿಗಳಂತಿದ್ದರೂ ಮೂತ್ರನಾಳದ ಸೋಂಕಿಗೆ ಕೊಲಿಸ್ಟಿನ್ ಬೇಕು, ಏಕೆಂದರೆ ಪಾಲಿಮಿಕ್ಸಿನ್ ಬಿ ಮೂತ್ರಕ್ಕೆ ಹೆಚ್ಚಾಗಿ ಬರುವುದಿಲ್ಲ. ಉಳಿದ ಕಡೆ ಪಾಲಿಮಿಕ್ಸಿನ್ ಬಿ ಮೇಲು: ಕೊಲಿಸ್ಟಿನನ್ನು ನಿಷ್ಕ್ರಿಯ ರೂಪದಲ್ಲಿ ಕೊಡುವುದರಿಂದ ದೇಹದಲ್ಲಿ ಅದು ಸಕ್ರಿಯವಾಗಲು ಹೊತ್ತು ಹಿಡಿಯುತ್ತದೆ. ಮೊದಲ ಡೋಸ್ ದೊಡ್ಡದಾಗಿ ಕೊಡಬೇಕಾದದ್ದೂ ಇದರಿಂದಲೇ. ಅದನ್ನು ಮರೆತರೆ ಅತಿ ಮುಖ್ಯವಾದ ಮೊದಲ ದಿನ ರೋಗಿ ಔಷಧವಿಲ್ಲದೆ ಕಳೆದಂತೆ. ಫಾಸ್ಫೋಮೈಸಿನ್ ಚುಚ್ಚುಮದ್ದಿನಲ್ಲಿ ಸೋಡಿಯಂ ಬಹಳ, ಹೃದಯ ಸೋತವರಲ್ಲಿ ಎಚ್ಚರ ಬೇಕು. ಕೊಲಿಸ್ಟಿನ್ ಪರೀಕ್ಷೆಯನ್ನು ಔಷಧ ತುಂಬಿದ ಡಿಸ್ಕ್ ಇಟ್ಟು ಮಾಡಿದ್ದರೆ ಆ ಫಲಿತಾಂಶವನ್ನು ನಂಬಬೇಡಿ. ಅದರ ದೊಡ್ಡ ಅಣು ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಗಟ್ಟಿ ಮಾಧ್ಯಮದಲ್ಲಿ ಸರಿಯಾಗಿ ಹರಡುವುದಿಲ್ಲ, ದ್ರವ ಮಾಧ್ಯಮದ ಪರೀಕ್ಷೆಯೇ ಬೇಕು.

ಇವೆಲ್ಲಕ್ಕೂ ಮೊದಲು ಇನ್ನೊಂದು ಮಾತು. ಕೀವಿನ ಗಡ್ಡೆ ಒಳಗಿದ್ದರೆ, ಸೋಂಕು ತಗಲಿದ ಕ್ಯಾತಿಟರ್ ಎಂಬ ನಳಿಕೆ ಇನ್ನೂ ರಕ್ತನಾಳದಲ್ಲೇ ಇದ್ದರೆ, ಮೂರಲ್ಲ ಐದು ಔಷಧ ಕೊಟ್ಟರೂ ಜ್ವರ ಇಳಿಯುವುದಿಲ್ಲ. ಔಷಧ ಕೆಲಸ ಮಾಡುತ್ತಿಲ್ಲ ಎಂದು ಇನ್ನೊಂದನ್ನು ಸೇರಿಸುವ ಮೊದಲು ಸ್ಕ್ಯಾನ್ ಮಾಡಿಸಿ.

ಸೇರಿಸಿದ್ದನ್ನು ಯಾವಾಗ ತೆಗೆಯಬೇಕು

ಜೋಡಿಯನ್ನು ಶುರು ಮಾಡುವವರು ಅದನ್ನು ಮುರಿಯುವ ದಿನವನ್ನೂ ಅಂದೇ ಬರೆದಿಡಬೇಕು. ಬಲೆ ಅಗಲ ಮಾಡಲು ತಂದ ಔಷಧದ ಕೆಲಸ ಕಲ್ಚರ್ ವರದಿ ಬಂದ ಹೊತ್ತಿಗೆ, ಅಂದರೆ 48ರಿಂದ 72 ಗಂಟೆಗಳಲ್ಲಿ ಮುಗಿಯಿತು. ‘ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ, ಈಗ ಏನನ್ನೂ ಬದಲಿಸುವುದು ಬೇಡ’ ಎಂಬ ಮಾತು ಎಲ್ಲ ವಾರ್ಡ್‌ಗಳಲ್ಲೂ ಕೇಳಿಬರುತ್ತದೆ. ಆದರೆ ಆ ಚೇತರಿಕೆ ಎರಡರಲ್ಲಿ ಒಂದರಿಂದ ಬಂದಿದೆ, ಇನ್ನೊಂದು ದಿನದಿಂದ ದಿನಕ್ಕೆ ಮೂತ್ರಪಿಂಡದ ಸೋಲು ತೋರಿಸುವ ಕ್ರಿಯಾಟಿನಿನ್ ಏರಿಸುತ್ತಿದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ಗೆ ಜಾಗ ಮಾಡಿಕೊಡುತ್ತಿದೆ. ಕಾವಲು ಜೋಡಿಯ ವಿಷಯ ಬೇರೆ. ಅಲ್ಲಿ ಒಂದನ್ನು ತೆಗೆದರೆ ಇನ್ನೊಂದು ಬೀಳುತ್ತದೆ, ಹಾಗಾಗಿ ಎರಡೂ ಒಟ್ಟಿಗೇ ನಡೆದು ಒಟ್ಟಿಗೇ ನಿಲ್ಲಬೇಕು.

ನಿಲ್ಲುವುದೂ ಬಹಳ ದೂರವಿರಬೇಕಾಗಿಲ್ಲ. ಜಟಿಲವಲ್ಲದ ಗ್ರಾಂ-ನೆಗೆಟಿವ್ ರಕ್ತಸೋಂಕಿಗೆ 7 ದಿನ ಸಾಕೇ, 14 ಬೇಕೇ ಎಂದು 2019ರಲ್ಲಿ ಪ್ರಕಟವಾದ 604 ರೋಗಿಗಳ ಪ್ರಯೋಗ ಕೇಳಿತು, 2024ರಲ್ಲಿ 3,608 ರಕ್ತಸೋಂಕಿನ ರೋಗಿಗಳ ಬ್ಯಾಲೆನ್ಸ್ ಪ್ರಯೋಗ ಮತ್ತೆ ಕೇಳಿತು; ಏಳು ದಿನ ಹಿಂದೆ ಬೀಳಲಿಲ್ಲ. ಅಲ್ಲಿದ್ದವರಲ್ಲಿ ಇಷ್ಟು ಕಠಿಣ ಪ್ರತಿರೋಧದ ಸೋಂಕು ಇದ್ದವರು ಕಡಿಮೆ. ಆದರೂ ತಳಿಗೆ ತಕ್ಕ ಔಷಧ ಮೊದಲಿನಿಂದಲೇ ಸಿಕ್ಕಿದ್ದು, ಕ್ಯಾತಿಟರ್ ತೆಗೆದಿದ್ದು, ಜ್ವರ ಇಳಿದು ರಕ್ತದೊತ್ತಡ ತಾನಾಗಿ ನಿಂತಿದ್ದರೆ, ಪ್ರತಿರೋಧದ ಹೆಸರೊಂದಕ್ಕೆ ಹೆದರಿ ಎರಡನೆಯ ವಾರಕ್ಕೆ ಎಳೆಯಲು ನನಗೆ ಕಾರಣ ಕಾಣುವುದಿಲ್ಲ.